ತಮಾಷೆಗೆ ಮಾಡಿದೆ ಅನ್ನುವವರು

ಫೋನ್ ಬ್ಯಾಗಿನಲ್ಲಿ ಇಡಿ ಅಂತ ನಾನು ಇವತ್ತು ಹೇಳಲ್ಲ, ಕೊನೆಯಲ್ಲಿ ಅದು ಬೇಕಾಗುತ್ತೆ. ಸದ್ಯಕ್ಕೆ ಬೈಬಲ್ ತೆರೆಯಿರಿ. ಜ್ಞಾನೋಕ್ತಿಗಳು 26ನೇ ಅಧ್ಯಾಯ, 18 ಮತ್ತು 19ನೇ ವಚನ.

ಓದಿದ್ರಾ? ಒಬ್ಬ ಹುಚ್ಚ ಬೀದಿಯಲ್ಲಿ ಉರಿಯೋ ಕೊಳ್ಳಿ, ಬಾಣ ಎಲ್ಲಾ ಎಸೀತಾ ಹೋಗ್ತಿದ್ದಾನೆ. ಪಕ್ಕದವನಿಗೆ ಮೋಸ ಮಾಡಿ, ಆಮೇಲೆ ನಕ್ಕು "ಸುಮ್ನೆ ತಮಾಷೆಗೆ" ಅನ್ನುವವನನ್ನು ಸೊಲೊಮೋನ ಆ ಹುಚ್ಚನ ಪಕ್ಕದಲ್ಲಿ ನಿಲ್ಲಿಸ್ತಾನೆ. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗೋದು ಒಂದೇ. ಪ್ರ್ಯಾಂಕ್ ಅನ್ನೋ ಪದ, ಟ್ರೋಲ್ ಅನ್ನೋ ಪದ ಹುಟ್ಟುವ ಎಷ್ಟೋ ಶತಮಾನ ಮೊದಲೇ ಆ ನೆಪ ಮಾತ್ರ ರೆಡಿ ಇತ್ತು. "ಜಸ್ಟ್ ಜೋಕ್ ಬ್ರೋ."

ಇವತ್ತು ಧರ್ಮದ ಗುಂಪುಗಳ ಮೇಲೆ ಇಂಟರ್ನೆಟ್‌ನಲ್ಲಿ ನಡೆಯುವ ಟ್ರೋಲಿಂಗ್ ಬಗ್ಗೆ ಕಲಿಯೋಣ. ನಮ್ಮ ಮೇಲೆ ಆಗುವುದರಿಂದ ಶುರು ಮಾಡಬಹುದಿತ್ತು. ಬೇಡ. ನಮಗೆ ಇಷ್ಟವಿಲ್ಲದ ಒಂದು ಗುಂಪಿನ ಮೇಲೆ ಆಗಿದ್ದರಿಂದ ಶುರು ಮಾಡ್ತೀನಿ. ಅಲ್ಲಿ ನಾವು ಯಾರ ಕಡೆ ನಿಲ್ತೀವಿ ಅನ್ನೋದು ಮುಖ್ಯ.

ಸೈಂಟಾಲಜಿ ಅಂತ ಅಮೆರಿಕದಲ್ಲಿ ಒಂದು ಪಂಥ ಇದೆ. ಎಲ್. ರಾನ್ ಹಬಾರ್ಡ್ ಅನ್ನೋ ಲೇಖಕ 1950ರ ದಶಕದಲ್ಲಿ ಸ್ಥಾಪಿಸಿದ್ದು. ತಮ್ಮನ್ನು ಚರ್ಚ್ ಅಂತಲೇ ಕರೆದುಕೊಳ್ತಾರೆ, ಆದರೆ ಅದು ಕ್ರೈಸ್ತ ಸಭೆಯಲ್ಲ. 2008ರ ಜನವರಿಯಲ್ಲಿ ಟಾಮ್ ಕ್ರೂಸ್ ಆ ಪಂಥದ ಬಗ್ಗೆ ಆವೇಶದಿಂದ ಮಾತಾಡಿದ ಒಂದು ಒಳಗಿನ ವಿಡಿಯೊ ಸೋರಿಕೆಯಾಗಿ ಯೂಟ್ಯೂಬಿಗೆ ಬಂತು. ಕಾಪಿರೈಟ್ ಅಂತ ಹೇಳಿ ಸೈಂಟಾಲಜಿಯವರು ಅದನ್ನು ತೆಗೆಸೋಕೆ ಹೋದರು. ಅಷ್ಟೇ ಸಾಕಾಯ್ತು. "ಅನಾನಿಮಸ್" ಅನ್ನೋ ಹೆಸರಿನಲ್ಲಿ ಸಾವಿರಾರು ಹುಡುಗರು, ಬಹುಮಟ್ಟಿಗೆ ನಿಮ್ಮ ವಯಸ್ಸಿನವರೇ, ಒಟ್ಟಿಗೆ ಮುಗಿಬಿದ್ದರು.

ಏನು ಮಾಡಿದರು? ಅವರ ವೆಬ್‌ಸೈಟ್‌ಗೆ ಒಂದೇ ಸಲ ಲೆಕ್ಕವಿಲ್ಲದಷ್ಟು ರಿಕ್ವೆಸ್ಟ್ ಕಳಿಸಿ ಅದನ್ನು ಬೀಳಿಸಿದರು. ಆಫೀಸುಗಳಿಗೆ ಫೋನ್ ಮೇಲೆ ಫೋನ್. ಪೂರ್ತಿ ಕಪ್ಪು ಬಣ್ಣದ ಹಾಳೆಗಳನ್ನು ಫ್ಯಾಕ್ಸ್ ಮಾಡಿ ಅಲ್ಲಿಯ ಮಷೀನಿನ ಇಂಕ್ ಖಾಲಿ ಮಾಡಿಸಿದರು. ಯಾರೂ ಆರ್ಡರ್ ಮಾಡದ ಪಿಜ್ಜಾ ಬಾಗಿಲಿಗೆ ಬಂತು. ಇದರಿಂದ ಸಿಗುವ ಖುಷಿಗೆ ಅವರಲ್ಲಿ ಒಂದು ಹೆಸರೇ ಇತ್ತು, "ಲುಲ್ಜ್". ಬೇರೆಯವರ ಒದ್ದಾಟ ನೋಡಿ ಬರುವ ನಗು.

ಕೆಲವರ ಮುಖದಲ್ಲಿ ಈಗಲೇ ನಗು ಕಾಣ್ತಿದೆ. ಕಪ್ಪು ಫ್ಯಾಕ್ಸ್ ಕೇಳಿದರೆ ನಗು ಬರುತ್ತೆ, ಒಪ್ಪಿಕೊಳ್ತೀನಿ. "ಪಾಸ್ಟರ್, ಅದು ಸುಳ್ಳು ಬೋಧನೆ ತಾನೇ, ಬಿದ್ದರೆ ಬೀಳಲಿ" ಅಂತ ಮನಸ್ಸಿನಲ್ಲಿ ಅಂದುಕೊಂಡವರೂ ಇದ್ದೀರಿ. ಹಾಗಾದರೆ ಕೊಳ್ಳಿ ಎಲ್ಲೆಲ್ಲಿ ಬಿತ್ತು ನೋಡೋಣ.

ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಅನ್ನೋ ಊರಿನಲ್ಲಿ ಒಂದು ದಂಪತಿ ಇದ್ದರು, ವಯಸ್ಸಾದವರು. ಸೈಂಟಾಲಜಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. "ಇವರೇ ನಮ್ಮ ಶತ್ರು" ಅಂತ ಯಾರೋ ತಪ್ಪಾಗಿ ಊಹಿಸಿ ಅವರ ಫೋನ್ ನಂಬರ್, ವಿಳಾಸ ಎಲ್ಲಾ ಹಾಕಿಬಿಟ್ಟರು. ಬೆದರಿಕೆ ಕರೆ ಬರೋಕೆ ಶುರುವಾಯ್ತು. ಇನ್ನೊಂದು ಕಡೆ, ವೆಬ್‌ಸೈಟ್ ಬೀಳಿಸುವ ಸಾಫ್ಟ್‌ವೇರ್‌ನಲ್ಲಿ ವಿಳಾಸ ತಪ್ಪಾಗಿ ನೆದರ್‌ಲ್ಯಾಂಡ್ಸ್‌ನ ಒಂದು ಹೈಸ್ಕೂಲಿನ ಮೇಲೆ ದಾಳಿ ಆಯ್ತು. ಆ ಶಾಲೆಯ ಮಕ್ಕಳು ಏನು ಮಾಡಿದ್ದರು? ಇನ್ನು ವೆಬ್‌ಸೈಟ್ ಬೀಳಿಸಿದವರಲ್ಲಿ ನ್ಯೂಜೆರ್ಸಿಯ ಒಬ್ಬ ಹುಡುಗ ಸಿಕ್ಕಿಬಿದ್ದ. ತಪ್ಪೊಪ್ಪಿಕೊಂಡ. 2009ರಲ್ಲಿ, 19ನೇ ವಯಸ್ಸಿನಲ್ಲಿ, ಅವನಿಗೆ ಒಂದು ವರ್ಷ ಒಂದು ದಿನ ಜೈಲು, ಮೇಲೆ 37,500 ಡಾಲರ್ ಪರಿಹಾರ ಕಟ್ಟುವ ಶಿಕ್ಷೆ ಆಯ್ತು. ಸಾವಿರಾರು ಜನ ಮಾಡಿದ ತಮಾಷೆಗೆ ಬೆರಳೆಣಿಕೆಯ ಹುಡುಗರು ಜೈಲಿಗೆ ಹೋದರು. ಗುಂಪು ಯಾವತ್ತೂ ನಿಮ್ಮ ಜೊತೆ ಕೋರ್ಟಿಗೆ ಬರಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಮಾರ್ಚ್‌ನಲ್ಲಿ ಆಗಿದ್ದು. ಆ ವರ್ಷ ಈಸ್ಟರ್ ಮಾರ್ಚ್ 23ಕ್ಕೆ ಬಂದಿತ್ತು. ಅದರ ಹಿಂದಿನ ದಿನ, ಶನಿವಾರ, ಮೂರ್ಛೆ ರೋಗ ಇರುವವರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಅಮೆರಿಕದ ಒಂದು ಸಂಸ್ಥೆಯ ಪುಟಗಳಿಗೆ ಯಾರೋ ನುಗ್ಗಿ, ಪಟಪಟ ಮಿನುಗುವ ಚಿತ್ರಗಳನ್ನು ತುಂಬಿದರು. ಆ ಮಿನುಗು ನೋಡಿದರೆ ಕೆಲವು ರೋಗಿಗಳಿಗೆ ಫಿಟ್ಸ್ ಬರುತ್ತೆ. ಕೆಲವರಿಗೆ ತಲೆನೋವು ಬಂತು, ಫಿಟ್ಸ್ ಬಂತು. ನಾವಲ್ಲ ಅಂದರು ಅನಾನಿಮಸ್‌ನವರು. ಇರಲಿ. ಆದರೆ ಆ ನಗು ಒಂದೇ ಜಾತಿಯದು. ಜನವರಿಯಲ್ಲಿ ಗುರಿ ಒಂದು ಪಂಥ, ಮಾರ್ಚ್‌ನಲ್ಲಿ ರೋಗಿಗಳು. ಗುರಿ ಯಾರು ಅನ್ನೋದು ಆ ನಗುವಿಗೆ ಬೇಕೇ ಇಲ್ಲ. ಎದುರಿಗಿರುವವನು ನೊಂದರೆ ಸಾಕು. ಆದ್ದರಿಂದ ನಮಗೆ ಒಪ್ಪಿಗೆ ಇಲ್ಲದವರ ಮೇಲೆ ಅದು ತಿರುಗಿದಾಗ "ದೇವರು ಇವರ ಮೂಲಕ ಕೆಲಸ ಮಾಡ್ತಿದ್ದಾರೆ" ಅಂತ ಚಪ್ಪಾಳೆ ಹೊಡೀಬೇಡಿ.

ಅದೇ ಕಥೆಯ ಇನ್ನೊಂದು ಭಾಗವನ್ನೂ ಹೇಳದಿದ್ದರೆ ಅನ್ಯಾಯ ಆಗುತ್ತೆ. ಸೈಂಟಾಲಜಿಯನ್ನು ವರ್ಷಗಟ್ಟಲೆ ಟೀಕಿಸುತ್ತಾ ಬಂದಿದ್ದ ಮಾರ್ಕ್ ಬಂಕರ್ ಅನ್ನೋ ಪತ್ರಕರ್ತ ಆ ಹುಡುಗರಿಗೆ ಒಂದು ವಿಡಿಯೊ ಮಾಡಿ ಹಾಕಿದ. ತನ್ನ ಮುಖ ತೋರಿಸಿ, ತನ್ನ ಹೆಸರಿನಲ್ಲೇ. ಕಾನೂನು ಮುರಿಯುವುದನ್ನು ಬಿಡಿ, ಶಾಂತವಾಗಿ ಪ್ರತಿಭಟಿಸಿ ಅಂತ ಬುದ್ಧಿ ಹೇಳಿದ. ಬಹಳ ಜನ ಕೇಳಿದರು! ಅವನನ್ನು ಪ್ರೀತಿಯಿಂದ "ಗಡ್ಡದ ಜ್ಞಾನಿ" ಅನ್ನೋ ಅರ್ಥದ ಹೆಸರಿನಿಂದ ಕರೆದರು. ಫೆಬ್ರವರಿ 10ರಂದು ಹಲವು ದೇಶಗಳಲ್ಲಿ ಸಾವಿರಾರು ಜನ ಬೀದಿಗೆ ಬಂದು ಬೋರ್ಡ್ ಹಿಡಿದು ನಿಂತರು. ಆ ದಿನವನ್ನು ಆರಿಸಿದ್ದಕ್ಕೆ ಕಾರಣ ಇತ್ತು. 1995ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ ಸೈಂಟಾಲಜಿಯವರ ಆರೈಕೆಯಲ್ಲಿದ್ದಾಗ ತೀರಿಕೊಂಡ ಲೀಸಾ ಮೆಕ್‌ಫರ್ಸನ್ ಅನ್ನೋ ಹೆಣ್ಣುಮಗಳ ಹುಟ್ಟುಹಬ್ಬ ಅದು. ಕಪ್ಪು ಫ್ಯಾಕ್ಸ್‌ನಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ. ಇದರಲ್ಲಿ ಇತ್ತು. ಈ ಹೆಣ್ಣುಮಗಳು ಹೇಗೆ ಸತ್ತಳು, ಉತ್ತರ ಕೊಡಿ. ಅಂಥ ಪ್ರಶ್ನೆಯನ್ನು ಯಾವ ಧಾರ್ಮಿಕ ಸಂಸ್ಥೆಗೂ ಕೇಳಬಹುದು. ನಮಗೂ ಕೇಳಬಹುದು. ಕಾಣಿಕೆಯ ಲೆಕ್ಕ ಎಲ್ಲಿ, ಔಷಧಿ ಬಿಡಿ ಅಂತ ಹೇಳಿದ್ದು ಯಾರು, ಅಂತ ಕೇಳಿದವರನ್ನೆಲ್ಲಾ "ಟ್ರೋಲ್", "ಸೈತಾನನ ದಾಳಿ" ಅಂತ ತಳ್ಳಿಹಾಕುವ ಅಭ್ಯಾಸ ನಮ್ಮ ಪೆಂತೆಕೊಸ್ತ್ ವಲಯದಲ್ಲಿದೆ. ಅದು ನನಗೆ ಒಪ್ಪಿಗೆ ಇಲ್ಲ. ತಪ್ಪು ಮಾಡಿ ಏಟು ತಿಂದರೆ ಅದರಲ್ಲಿ ಏನು ಹೊಗಳಿಕೆ ಇದೆ ಅಂತ ಪೇತ್ರನೇ ಕೇಳ್ತಾನೆ. 1 ಪೇತ್ರ 2:20, ಮನೆಗೆ ಹೋಗಿ ಓದಿ.

ಈಗ ನಮ್ಮ ವಿಷಯಕ್ಕೆ ಬರೋಣ.

ನಮ್ಮ ಮೇಲಿನ ಮೊದಲ ಗೇಲಿ ಯಾವಾಗ ಆಯ್ತು ಗೊತ್ತಾ? ಸಭೆ ಹುಟ್ಟಿದ ದಿನವೇ. ಅಪೊಸ್ತಲರ ಕೃತ್ಯಗಳು 2:13. ಪವಿತ್ರಾತ್ಮ ಇಳಿದು ಬಂದು, ಶಿಷ್ಯರು ಅನ್ಯಭಾಷೆಗಳಲ್ಲಿ ಮಾತಾಡೋಕೆ ಶುರು ಮಾಡಿದ ಕೂಡಲೇ ಕೆಲವರು ನಗಾಡಿ, ಕುಡಿದಿದ್ದಾರೆ ಅಂದರು. ಪೇತ್ರ ಏನು ಮಾಡಿದ? ಎದ್ದು ನಿಂತ. ಟೈಮ್ ಹೇಳಿದ. ಇನ್ನೂ ಬೆಳಿಗ್ಗೆ ಒಂಬತ್ತು ಗಂಟೆ ಅಷ್ಟೇ, ಈ ಹೊತ್ತಿಗೆ ಯಾರು ಕುಡೀತಾರೆ ಅನ್ನೋ ಧಾಟಿಯಲ್ಲಿ. ಒಂದೇ ಸಾಲಿನ ಉತ್ತರ, ಅದರಲ್ಲಿ ಕೋಪ ಇಲ್ಲ. ಆಮೇಲೆ ನೇರವಾಗಿ ಯೋವೇಲನ ಪ್ರವಾದನೆ, ಯೇಸುವಿನ ಮರಣ, ಪುನರುತ್ಥಾನ. ನಕ್ಕವರಿಗೆ ಖರ್ಚು ಮಾಡಿದ್ದು ಒಂದು ಸಾಲು. ನಿಜವಾಗಿ "ಇದೇನು?" ಅಂತ ಕೇಳ್ತಿದ್ದವರಿಗೆ ಇಡೀ ಪ್ರಸಂಗ. ಆ ಗುಂಪಿನಲ್ಲಿ ಎರಡೂ ತರದವರು ಇದ್ದರು, 12ನೇ ವಚನ ನೋಡಿ. ನಾವು ಉಲ್ಟಾ ಮಾಡ್ತೀವಿ. ನಗುವವನ ಕಮೆಂಟಿಗೆ ನಲವತ್ತು ರಿಪ್ಲೈ, ನಿಜವಾದ ಸಂಶಯ ಇಟ್ಟುಕೊಂಡು ಬಂದ ಕ್ಲಾಸ್‌ಮೇಟ್‌ಗೆ "ಚರ್ಚಿಗೆ ಬಾ ಮಚ್ಚಾ".

ನಮ್ಮ ಸಭೆಯ ಒಬ್ಬ ತಂಗಿ ಇದ್ದಾಳೆ. ಹೆಸರು ಬೇಡ, ಆಕೆಯನ್ನು ಕೇಳಿಯೇ ಇದನ್ನು ಹೇಳ್ತಿದ್ದೀನಿ. ಉಪವಾಸ ಪ್ರಾರ್ಥನೆಯಲ್ಲಿ ಆಕೆ ಅಳುತ್ತಾ ಪ್ರಾರ್ಥಿಸಿದ ಕೆಲವೇ ಸೆಕೆಂಡುಗಳನ್ನು ಯಾರೋ ಲೈವ್‌ನಿಂದ ಕತ್ತರಿಸಿ, ಡಿಜೆ ಬೀಟ್ ಕೂಡಿಸಿ ರೀಲ್ ಮಾಡಿದರು. ಆಕೆಯ ಆಫೀಸ್ ಗ್ರೂಪಿಗೂ ಅದು ಬಂತು. ಆವತ್ತು ಆಕೆ ತಾಯಿಯ ಆಪರೇಷನ್‌ಗಾಗಿ ಪ್ರಾರ್ಥಿಸ್ತಾ ಇದ್ದಳು. ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು? "ಪಾಸ್ಟರ್, ಕಣ್ಣು ಮುಚ್ಚಿದ್ರೆ ಈಗ ಕ್ಯಾಮೆರಾನೇ ಕಾಣುತ್ತೆ" ಅಂದಳು. ಎರಡು ತಿಂಗಳಾಯ್ತು, ಸಭೆಯಲ್ಲಿ ಆಕೆ ಬಾಯಿಬಿಟ್ಟು ಪ್ರಾರ್ಥನೆ ಮಾಡಿಲ್ಲ. ನನಗೆ ದುಃಖ ಇರೋದು ಇಲ್ಲಿ. ಜನ ನಕ್ಕರೆ ಪೆಂತೆಕೊಸ್ತ್ ಸಭೆಗೆ ಏನೂ ಆಗಲ್ಲ, ನಾವು ಹುಟ್ಟಿದ್ದೇ ಆ ನಗುವಿನ ಮಧ್ಯೆ. ಆದರೆ ಒಬ್ಬ ಮಗಳು ದೇವರ ಮುಂದೆ ಅಳೋಕೆ ನಾಚಿಕೊಂಡರೆ ನಷ್ಟ ಆಗಿದೆ.

ನಮ್ಮ ಹುಡುಗರಿಗೆ ಸಿಟ್ಟು ಬಂತು, ಅದು ಸಹಜ. ಫೇಕ್ ಅಕೌಂಟ್ ಮಾಡಿ ಆ ಪೇಜ್‌ನವನನ್ನು ಹುಡುಕೋಣ, ಅವನ ಫೋಟೋ ಹಾಕಿ ಮಾನ ತೆಗೆಯೋಣ ಅಂತ ಪ್ಲಾನ್ ಆಯ್ತು. ಒಬ್ಬ ತಮ್ಮ ನನಗೆ ವಾಕ್ಯವನ್ನೇ ತೋರಿಸಿದ. "ಎಲೀಯನೂ ಬಾಳನ ಪ್ರವಾದಿಗಳನ್ನು ಗೇಲಿ ಮಾಡಿದ್ದಲ್ವಾ ಪಾಸ್ಟರ್?" ಒಳ್ಳೆ ಪ್ರಶ್ನೆ. ಮಾಡಿದ, 1 ಅರಸುಗಳು 18:27. ಆದರೆ ಎಲೀಯ ಎಲ್ಲಿ ನಿಂತಿದ್ದ? ಕರ್ಮೆಲ್ ಬೆಟ್ಟದ ಮೇಲೆ, ಹಾಡುಹಗಲಿನಲ್ಲಿ, ಅಹಾಬ ರಾಜನ ಕಾಲದಲ್ಲಿ, 450 ಮಂದಿಯ ಎದುರು ಒಬ್ಬನೇ. ಸೋತರೆ ಪ್ರಾಣ ಹೋಗ್ತಿತ್ತು. ಡಿಪಿಯಲ್ಲಿ ಕಾರ್ಟೂನ್ ಇಟ್ಟುಕೊಂಡು ಹಾಸ್ಟೆಲ್ ಮಂಚದ ಮೇಲೆ ಮಲಗಿ ಅವನು ಗೇಲಿ ಮಾಡಲಿಲ್ಲ. ಇನ್ನು ಅವಮಾನ ಆದ ಊರಿನ ಮೇಲೆ ಆಕಾಶದಿಂದ ಬೆಂಕಿ ಇಳಿಸೋಣವಾ ಅಂತ ಕೇಳಿದ ಯಾಕೋಬ ಯೋಹಾನರನ್ನು ಯೇಸು ಸ್ವಾಮಿ ಗದರಿಸಿದ್ದು ಲೂಕ 9ರಲ್ಲಿದೆ. ಆಮೇಲೆ ಏನಾಯ್ತು? ಬೇರೆ ಹಳ್ಳಿಗೆ ಹೋದರು. ಅಷ್ಟೇ.

ಹಾಗಂತ ಸುಮ್ಮನೆ ಸಹಿಸಿಕೊಂಡು ಕೂತಿರಿ ಅಂತ ನಾನು ಹೇಳ್ತಾ ಇಲ್ಲ. ಪೌಲನಿಗೆ ಚಾಟಿ ಏಟು ಕೊಡೋಕೆ ಕಟ್ಟಿದಾಗ ನಾನು ರೋಮ್ ಪೌರ ಅಂತ ಕಾನೂನನ್ನು ನೆನಪಿಸಿದ. ತಂಗಿಯರ ಫೋಟೋ ಮಾರ್ಫ್ ಮಾಡಿದರೆ, ಬೆದರಿಕೆ ಹಾಕಿದರೆ, ಮನೆ ವಿಳಾಸ ಹಾಕಿದರೆ ಅದು ಅಪರಾಧ. ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಇಟ್ಟುಕೊಳ್ಳಿ. ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳು, ಮಕ್ಕಳಿಗೆ ಸಂಬಂಧಿಸಿದ ದೂರಿಗೆ ಬೇರೆ ವಿಭಾಗವೇ ಇದೆ. ದೂರು ಕೊಡಿ. ದೂರಿನಲ್ಲಿ ನಿಮ್ಮ ಹೆಸರಿರುತ್ತೆ, ಸತ್ಯ ಇರುತ್ತೆ. ಫೇಕ್ ಅಕೌಂಟಿನಲ್ಲಿ ಎರಡೂ ಇರಲ್ಲ.

ಬರೀ ನಗು ಇದ್ದರೆ? ಆಗ 2 ಅರಸುಗಳು 18 ಓದಿ. ಅಶ್ಶೂರದ ರಬ್ಷಾಕೆ ಯೆರೂಸಲೇಮಿನ ಗೋಡೆಯ ಕೆಳಗೆ ಬಂದು ನಿಂತ. 2,000 ಕುದುರೆ ಕೊಡ್ತೀನಿ, ಹತ್ತೋಕೆ ಅಷ್ಟು ಜನ ನಿಮ್ಮ ಹತ್ತಿರ ಇದ್ದಾರಾ ಅಂತ ಕಿಚಾಯಿಸಿದ. ಅರಾಮಿಕ್ ಭಾಷೆಯಲ್ಲಿ ಮಾತಾಡಿ ಅಂದರೆ ಬೇಕಂತಲೇ ಗೋಡೆ ಮೇಲಿರುವ ಜನರಿಗೆಲ್ಲಾ ಕೇಳೋ ಹಾಗೆ ಅವರ ಭಾಷೆಯಲ್ಲೇ ಕೂಗಿದ. ಅವನಿಗೆ ಬೇಕಾಗಿದ್ದು ರಿಯಾಕ್ಷನ್. ಜನ ಒಂದು ಮಾತೂ ಆಡಲಿಲ್ಲ, ಉತ್ತರ ಕೊಡಬೇಡಿ ಅಂತ ರಾಜನ ಆಜ್ಞೆ ಇತ್ತು. ಮುಂದೆ ಬೆದರಿಕೆ ಪತ್ರ ಬಂದಾಗ ಹಿಜ್ಕೀಯ ರಾಜ ಅದನ್ನು ದೇವಾಲಯಕ್ಕೆ ತೆಗೆದುಕೊಂಡು ಹೋಗಿ ಕರ್ತನ ಮುಂದೆ ಹರಡಿದ. ನಾವಾಗಿದ್ದರೆ ಮೂವತ್ತು ಗ್ರೂಪಿಗೆ ಹರಡ್ತಿದ್ವಿ, "ನೋಡಿ ನಮ್ಮನ್ನು ಹೇಗೆ ಬೈದಿದ್ದಾರೆ" ಅಂತ. ಆ ರೀಲ್ ಹೆಚ್ಚು ಜನರಿಗೆ ತಲುಪಿದ್ದರಲ್ಲಿ ನಮ್ಮವರ ಶೇರ್‌ಗಳ ಪಾಲು ದೊಡ್ಡದೇ ಇತ್ತು. ಅಂದ ಹಾಗೆ, ನಾವು ಮೊದಲು ಓದಿದ ಜ್ಞಾನೋಕ್ತಿ ಇದೆಯಲ್ಲ, ಅದನ್ನು ಪ್ರತಿಮಾಡಿ ಬರೆದಿಟ್ಟವರು ಇದೇ ಹಿಜ್ಕೀಯನ ಜನ. 25:1ರಲ್ಲಿದೆ.

ಕೆಲವೊಮ್ಮೆ ಉತ್ತರ ಕೊಡಬೇಕಾಗುತ್ತೆ. ಜ್ಞಾನೋಕ್ತಿ 26:4 ಕೊಡಬೇಡ ಅನ್ನುತ್ತೆ, 26:5 ಕೊಡು ಅನ್ನುತ್ತೆ. ಪಕ್ಕಪಕ್ಕದಲ್ಲೇ ಇವೆ. ಒಂದು ನಿಜವಾದ ಸಂಗತಿ ಹೇಳ್ತೀನಿ. ಅಮೆರಿಕದ ಕ್ಯಾನ್ಸಾಸ್‌ನಲ್ಲಿ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಚರ್ಚ್ ಅಂತ ಇದೆ. ಸೈನಿಕರ ಅಂತ್ಯಕ್ರಿಯೆ ನಡೆಯೋ ಕಡೆ ಹೋಗಿ ದ್ವೇಷದ ಬೋರ್ಡ್ ಹಿಡಿಯೋ ಗುಂಪು ಅದು. ಬೈಬಲ್ ಹಿಡಿದುಕೊಂಡೇ ಬೇರೆಯವರನ್ನು ಟ್ರೋಲ್ ಮಾಡ್ತಿದ್ದರು. ಅದರ ಸಂಸ್ಥಾಪಕನ ಮೊಮ್ಮಗಳು ಮೇಗನ್ ಫೆಲ್ಪ್ಸ್-ರೋಪರ್ 2009ರಲ್ಲಿ ಟ್ವಿಟರ್‌ಗೆ ಬಂದು ಎಲ್ಲರನ್ನೂ ಚುಚ್ಚೋಕೆ ಶುರು ಮಾಡಿದಳು, ಯೆಹೂದ್ಯರನ್ನು ವಿಶೇಷವಾಗಿ. ಡೇವಿಡ್ ಅಬಿಟ್ಬೋಲ್ ಅನ್ನೋ ಯೆಹೂದ್ಯ ಬರಹಗಾರ ಅವಳಿಗೆ ಉತ್ತರ ಕೊಡ್ತಾ ಬಂದ. ಬೈಗುಳದಿಂದಲ್ಲ. ನಗ್ತಾ, ಪ್ರಶ್ನೆ ಕೇಳ್ತಾ. ಅವಳ ಗುಂಪು ಸಲಿಂಗಿಗಳಿಗೆ ಮರಣದಂಡನೆ ಬೇಕು ಅಂತ ಬೋರ್ಡ್ ಹಿಡೀತಿತ್ತು. ಪಾಪವಿಲ್ಲದವನು ಮೊದಲ ಕಲ್ಲು ಹಾಕಲಿ ಅಂತ ನಿಮ್ಮ ಯೇಸುವೇ ಹೇಳಲಿಲ್ಲವಾ ಅಂತ ಅವನು ಕೇಳಿದ. ಯೋಹಾನ 8. ಆ ಪ್ರಶ್ನೆ ಅವಳೊಳಗೆ ಮುಳ್ಳಿನ ಹಾಗೆ ಉಳಿಯಿತು. 2012ರ ನವೆಂಬರ್‌ನಲ್ಲಿ ತಂಗಿಯ ಜೊತೆ ಆ ಗುಂಪು ಬಿಟ್ಟು ಹೊರಬಂದಳು. ಯೇಸುವಿನ ಮಾತನ್ನು ಆಕೆಗೆ ನೆನಪಿಸಿದ್ದು ಯೇಸುವನ್ನು ಮೆಸ್ಸೀಯ ಎಂದು ನಂಬದ ಒಬ್ಬ ಯೆಹೂದ್ಯ! ಇದನ್ನು ಯೋಚಿಸಿದಾಗ ನನಗೆ ಸ್ವಲ್ಪ ನಾಚಿಕೆಯೂ ಆಗುತ್ತೆ, ಸಂತೋಷವೂ ಆಗುತ್ತೆ.

ಇನ್ನೊಂದು ವಿಷಯ, ಬೇಗ ಹೇಳಿ ಮುಗಿಸ್ತೀನಿ. 2020ರಲ್ಲಿ ಲಾಕ್‌ಡೌನ್ ಆಗಿ ಎಲ್ಲರೂ ಜೂಮ್‌ನಲ್ಲಿ ಆರಾಧನೆ ಶುರು ಮಾಡಿದ್ವಿ ನೆನಪಿದೆಯಾ? ಆ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲುಥೆರನ್ ಸಭೆಯಲ್ಲಿ ಬಹುತೇಕ ವಯಸ್ಸಾದವರೇ ಸೇರಿ ಬೈಬಲ್ ಅಧ್ಯಯನ ಮಾಡ್ತಿದ್ದಾಗ ಯಾರೋ ನುಗ್ಗಿ ಬಾಯಲ್ಲಿ ಹೇಳಬಾರದಂಥ ವಿಡಿಯೊ ಹಾಕಿದ. ಆ ಸಭೆ ಜೂಮ್ ಕಂಪನಿಯ ಮೇಲೆ ಕೇಸ್ ಹಾಕಿತು. ಆಮೇಲೆ ಸಂಶೋಧಕರು ಇಂಥ ದಾಳಿಗಳನ್ನು ಅಧ್ಯಯನ ಮಾಡಿದಾಗ, ಮೀಟಿಂಗ್ ಹಾಳುಮಾಡಿ ಬನ್ನಿ ಅಂತ ಲಿಂಕ್ ಹಂಚುವವರಲ್ಲಿ ಹೆಚ್ಚಿನವರು ಒಳಗಿನವರೇ, ಮುಖ್ಯವಾಗಿ ಆನ್‌ಲೈನ್ ಕ್ಲಾಸುಗಳ ವಿದ್ಯಾರ್ಥಿಗಳೇ ಅಂತ ಕಂಡುಬಂತು. ಹ್ಯಾಕರ್ ಅಲ್ಲ, ಕ್ಲಾಸ್‌ಮೇಟ್. ಹಾಗಾಗಿ ನಮ್ಮ ಲಿಂಕ್ ಸ್ಟೇಟಸ್‌ಗೆ ಹಾಕಬೇಡಿ, ವೇಟಿಂಗ್ ರೂಮ್ ಆನ್ ಇರಲಿ. ಪ್ರಾರ್ಥನೆ ಮಾಡುವವರ ಮುಖವನ್ನು ಮೀಡಿಯಾ ಟೀಮ್ ಇನ್ಮೇಲೆ ಕ್ಲೋಸಪ್‌ನಲ್ಲಿ ತೋರಿಸಲ್ಲ.

ಒಳಗಿನವರು ಅಂದೆ. ಈ ಮೆಸೇಜ್ ನಿಮಗೆ ಬಂದಿರಬಹುದು, ನಮ್ಮ ಗ್ರೂಪಿಗೂ ಬಂದಿತ್ತು. ಭಾರತದಲ್ಲಿ ಬೌದ್ಧ ಉಗ್ರರು ನಿನ್ನೆ ರಾತ್ರಿ 20 ಚರ್ಚ್ ಸುಟ್ಟರು, "ಒಲಿಸಬಾಂಗ್" ಪ್ರಾಂತ್ಯದಲ್ಲಿ ಇನ್ನೂ 200 ಚರ್ಚ್ ಸುಡ್ತಾರೆ, ತಕ್ಷಣ ಪ್ರಾರ್ಥಿಸಿ, ಫಾರ್ವರ್ಡ್ ಮಾಡಿ. ವರ್ಷಗಟ್ಟಲೆಯಿಂದ ಲೋಕವೆಲ್ಲಾ ಸುತ್ತುತ್ತಿದೆ. ಪ್ರತಿ ಸಲವೂ "ನಿನ್ನೆ ರಾತ್ರಿ"ಯೇ. ಭಾರತದ ಮ್ಯಾಪ್‌ನಲ್ಲಿ ಒಲಿಸಬಾಂಗ್ ಹುಡುಕಿ, ಸಿಗಲ್ಲ, ಅಂಥ ಜಾಗವೇ ಇಲ್ಲ. 2008ರಲ್ಲಿ ಒಡಿಶಾದ ಕಂಧಮಾಲ್‌ನಲ್ಲಿ ಕ್ರೈಸ್ತರ ಮೇಲೆ ನಿಜವಾಗಿಯೂ ಹಿಂಸೆ ನಡೆಯಿತು, ಜನ ಸತ್ತರು, ಮನೆಗಳು ಸುಟ್ಟವು. ಇಂಥ ಸುಳ್ಳು ಓಡಾಡಿದರೆ ಆ ನಿಜವನ್ನೂ ಜನ ನಂಬಲ್ಲ. ಮತ್ತೆ ಬೌದ್ಧರು ಏನು ಮಾಡಿದ್ದರು? ಬೆಂಗಳೂರಿನಲ್ಲಿ ನಿಮ್ಮ ಜೊತೆ ಓದುವ, ಬೈಲಕುಪ್ಪೆಯಿಂದ ಬಂದ ಟಿಬೆಟಿಯನ್ ಹುಡುಗನ ಧರ್ಮದ ಮೇಲೆ "ಆಮೆನ್" ಅಂತ ಬರೆದು ಸುಳ್ಳು ಸಾಕ್ಷಿ ಹೇಳಿದ ಹಾಗಾಯ್ತು. ವಿಮೋಚನಕಾಂಡ 20:16. ಮಂದಿರದ ಬಗ್ಗೆ, ಮಸೀದಿಯ ಬಗ್ಗೆ, ಕಥೋಲಿಕರ ಬಗ್ಗೆ ಬರುವ ಮೀಮ್‌ಗಳಿಗೂ ಇದೇ ಲೆಕ್ಕ.

ಕೊನೆಯದಾಗಿ ಅಪೊಸ್ತಲರ ಕೃತ್ಯಗಳು 19:37 ತೆಗೆಯಿರಿ. ಎಫೆಸದಲ್ಲಿ ದೊಡ್ಡ ಗಲಾಟೆ, ಇಡೀ ಊರು ಕೂಗ್ತಾ ಇದೆ. ಆಗ ಆ ಊರಿನ ಅಧಿಕಾರಿ, ವಿಶ್ವಾಸಿಯಲ್ಲ ಅವನು, ಎದ್ದು ನಿಂತು ಈ ಜನ ದೇವಸ್ಥಾನ ದೋಚಿದವರೂ ಅಲ್ಲ, ನಮ್ಮ ದೇವಿಯನ್ನು ನಿಂದಿಸಿದವರೂ ಅಲ್ಲ ಅಂತ ಸಾಕ್ಷಿ ಹೇಳ್ತಾನೆ. ಪೌಲ ಅಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಸುವಾರ್ತೆ ಸಾರಿದ್ದ. ವಿಗ್ರಹಗಳ ಬಗ್ಗೆ ತನ್ನ ಬೋಧನೆಯನ್ನು ಮುಚ್ಚಿಡಲಿಲ್ಲ, ಅದಕ್ಕೇ ಗಲಾಟೆ ಆಗಿದ್ದು. ಆದರೂ ಅರ್ತೆಮೀ ದೇವಿಯನ್ನು ಹೀಯಾಳಿಸಿದರು ಅಂತ ಹೇಳೋಕೆ ಅಲ್ಲಿ ಯಾರಿಗೂ ಆಧಾರ ಸಿಗಲಿಲ್ಲ.

ಈಗ ಐದೈದು ಜನ ಗುಂಪಾಗಿ ಕೂತುಕೊಳ್ಳಿ. ಫೋನ್ ತೆಗೆಯಿರಿ. ಬೇರೆ ಧರ್ಮದವರ ಬಗ್ಗೆ ನೀವು ಕೊನೆಯದಾಗಿ ಫಾರ್ವರ್ಡ್ ಮಾಡಿದ ಮೂರು ಸಂಗತಿ ಹುಡುಕಿ. ಊರಿನ ಹೆಸರು, ತಾರೀಕು ನಿಜವಾ ಅಂತ ಅಲ್ಲೇ ಕೂತು ಚೆಕ್ ಮಾಡಿ. ಸುಳ್ಳಾಗಿದ್ದರೆ ಯಾವ ಗ್ರೂಪಿಗೆ ಕಳಿಸಿದ್ದಿರೋ ಅದೇ ಗ್ರೂಪಿನಲ್ಲಿ, ನಿಮ್ಮ ಹೆಸರಿನಲ್ಲೇ, ಇದು ಸುಳ್ಳು ಅಂತ ಬರೆಯಿರಿ. ಹದಿನೈದು ನಿಮಿಷ ಸಮಯ ಇದೆ. ಆಮೇಲೆ ಆ ತಂಗಿಗಾಗಿ, ರೀಲ್ ಮಾಡಿದವನಿಗಾಗಿಯೂ ಸೇರಿ, ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸೋಣ. ಲೈವ್ ಆಫ್ ಮಾಡಿ ಬ್ರದರ್.